ಈಸ್ಕಿಲಸ್: ರುದ್ರನಾಟಕಕಾರನ ಜೀವನವೂ ಇತಿಹಾಸಕ್ಕೆ ಅವನ ಸಾಕ್ಷ್ಯವೂ

ಸಿಸಿಲಿ ದ್ವೀಪದ ಗೇಲಾ ಪಟ್ಟಣದಲ್ಲಿ ಕ್ರಿ. ಪೂ. ೪೫೬ರ ಸುಮಾರಿನಲ್ಲಿ ತೀರಿಕೊಂಡ ಅಥೆನ್ಸಿನ ಪೌರನೊಬ್ಬನ ಸಮಾಧಿಲೇಖವನ್ನು ಪ್ರಾಚೀನ ಗ್ರಂಥಗಳು ನಮಗೆ ಉಳಿಸಿಕೊಟ್ಟಿವೆ. ನಾಲ್ಕೇ ಪಂಕ್ತಿಗಳ ಆ ಲೇಖ ಅವನ ಹೆಸರನ್ನೂ ತಂದೆಯ ಹೆಸರನ್ನೂ ನಗರವನ್ನೂ ಹೇಳಿ, ಮ್ಯಾರಥಾನಿನ ರಣಭೂಮಿಯೂ ಅಲ್ಲಿ ಸೋತ ಶತ್ರುವೂ ಅವನ ಶೌರ್ಯಕ್ಕೆ ಸಾಕ್ಷಿಯೆಂದು ಮುಗಿಯುತ್ತದೆ. ಅವನು ನಾಟಕಗಳನ್ನು ಬರೆದನೆಂಬ ಮಾತು ಅದರಲ್ಲಿಲ್ಲ. ನಮ್ಮ ವೀರಗಲ್ಲುಗಳನ್ನು ಓದಿ ಬಲ್ಲವರಿಗೆ ಈ ರೀತಿ ಅಪರಿಚಿತವಾಗಿ ತೋರದು. ಆದರೆ ಇಲ್ಲಿ ಮಡಗಿದವನು ಗ್ರೀಕ್ ರುದ್ರನಾಟಕದ ಪ್ರಥಮಾಚಾರ್ಯನಾದ ಈಸ್ಕಿಲಸ್. ಲೇಖವನ್ನು ಅವನೇ ರಚಿಸಿದನೆಂದು ಪ್ರಾಚೀನರು ನಂಬಿದ್ದರು. ಆಧುನಿಕ ವಿದ್ವಾಂಸರಲ್ಲಿ ಹಲವರು ಅದನ್ನು ಒಪ್ಪುವುದಿಲ್ಲ. ಯಾರು ಬರೆದಿರಲಿ, ಅವನ ಜೀವನದಲ್ಲಿ ನೆನೆಯತಕ್ಕದ್ದು ಯುದ್ಧವೆಂದು ಆ ಲೇಖಕನಿಗೆ ತೋರಿತ್ತು.

ಇಂದಿನ ವಾಡಿಕೆ ಇದಕ್ಕೆ ವಿರುದ್ಧವಾದುದು. ಕಾಲೇಜುಗಳಲ್ಲಿ ಪಾರಸಿಕ ಯುದ್ಧಗಳನ್ನು ಬೋಧಿಸುವಾಗ ನಾವು ಹೆರೊಡೊಟಸನನ್ನು ಮುಂದಿಡುತ್ತೇವೆ. ಈಸ್ಕಿಲಸನನ್ನು ಸಾಹಿತ್ಯದ ಅಧ್ಯಾಪಕರಿಗೆ ಬಿಟ್ಟುಕೊಡುತ್ತೇವೆ. ಆದರೆ ಸಾಲಮಿಸ್ ಕದನ ನಡೆದ ಕ್ರಿ. ಪೂ. ೪೮೦ರಲ್ಲಿ ಹೆರೊಡೊಟಸ್ ಎಳೆಯ ಮಗು. ಅವನು ಗ್ರಂಥ ರಚಿಸಿದುದು ಒಂದು ತಲೆಮಾರಿನ ಅನಂತರ. ಈಸ್ಕಿಲಸನಾದರೋ ಆ ಕಾಲದ ಪ್ರೌಢ ಪೌರ, ಯೋಧ; ಕದನವಾದ ಎಂಟೇ ವರ್ಷಗಳಲ್ಲಿ ಅದನ್ನು ಕುರಿತು ನಾಟಕ ಆಡಿಸಿದವನು. ಕವಿಯೆಂಬ ಕಾರಣಕ್ಕೆ ಅವನ ಸಾಕ್ಷ್ಯವನ್ನು ತಳ್ಳಿಹಾಕಬೇಕೆ? ಯೋಧನೆಂಬ ಕಾರಣಕ್ಕೆ ಹೇಳಿದ್ದೆಲ್ಲವನ್ನೂ ನಂಬಬೇಕೆ? ಈ ಎರಡು ಪ್ರಶ್ನೆಗಳನ್ನು ಈ ಲೇಖನದಲ್ಲಿ ಪರಿಶೀಲಿಸಲು ಯತ್ನಿಸುತ್ತೇವೆ.

ಜೀವನದ ಆಧಾರಗಳು

ಈಸ್ಕಿಲಸ್ ಕ್ರಿ. ಪೂ. ೫೨೫ರ ಸುಮಾರಿನಲ್ಲಿ ಅಥೆನ್ಸಿಗೆ ಸೇರಿದ ಎಲ್ಯೂಸಿಸ್ ಗ್ರಾಮದಲ್ಲಿ ಜನಿಸಿದನು. ತಂದೆ ಯೂಫೊರಿಯನ್, ಮನೆತನ ಕುಲೀನವಾದುದು. ಅವನ ಬಾಲ್ಯದಲ್ಲಿ ಅಥೆನ್ಸ್ ನಿರಂಕುಶ ಪ್ರಭುಗಳ ಕೈಯಲ್ಲಿತ್ತು. ೫೧೦ರಲ್ಲಿ ಆ ಪ್ರಭುತ್ವ ಕೊನೆಗಂಡಿತು. ೫೦೮-೫೦೭ರಲ್ಲಿ ಕ್ಲೈಸ್ತನೀಸನು ಪೌರವ್ಯವಸ್ಥೆಯನ್ನು ಹೊಸದಾಗಿ ಕಟ್ಟಿದನು. ಹೀಗೆ ನಮ್ಮ ಕವಿ ತಾರುಣ್ಯಕ್ಕೆ ಬಂದಾಗ ನಗರದ ಪ್ರಜಾಪ್ರಭುತ್ವವೂ ಎಳೆಯದಾಗಿತ್ತು.

೪೯೦ರಲ್ಲಿ ಮ್ಯಾರಥಾನಿನಲ್ಲಿ ಅವನು ಕಾದಿದನು. ಅವನ ಸಹೋದರ ಕೈನೆಗೈರಸ್, ಹಿಮ್ಮೆಟ್ಟುತ್ತಿದ್ದ ಪಾರಸಿಕ ಹಡಗೊಂದರ ಹಿಂಭಾಗವನ್ನು ಹಿಡಿದಾಗ ಕೊಡಲಿಯೇಟಿಗೆ ಕೈ ಕಳೆದುಕೊಂಡು ಮಡಿದನೆಂದು ಹೆರೊಡೊಟಸ್ ತಿಳಿಸುತ್ತಾನೆ. ಈಸ್ಕಿಲಸ್ ಸಾಲಮಿಸಿನಲ್ಲಿಯೂ ಇದ್ದನೆಂಬುದಕ್ಕೆ ಅವನನ್ನು ಬಲ್ಲವನಾಗಿದ್ದ ಖಿಯೋಸಿನ ಇಯೋನನ ಮಾತು ಆಧಾರ. ನಾಟಕಸ್ಪರ್ಧೆಗೆ ಅವನು ಇಳಿದುದು ಶತಮಾನದ ಆರಂಭಕ್ಕೆ. ಮೊದಲ ಬಹುಮಾನ ದೊರೆತುದು ೪೮೪ರಲ್ಲಿ. ಈ ಕೊನೆಯ ವರ್ಷ ಪಾರೋಸ್ ದ್ವೀಪದ ಕಾಲಗಣನೆಯ ಶಿಲಾಲೇಖದಿಂದ ತಿಳಿದುಬರುತ್ತದೆ. ಸಿರಕ್ಯೂಸಿನ ಪ್ರಭು ಹೈರೋನನ ಆಹ್ವಾನದಂತೆ ಸಿಸಿಲಿಗೆ ಹೋಗಿ ಅಲ್ಲಿಯೂ ನಾಟಕ ಆಡಿಸಿದನು. ಒಟ್ಟು ಎಪ್ಪತ್ತರಿಂದ ತೊಂಬತ್ತು ಕೃತಿಗಳನ್ನು ರಚಿಸಿದನೆಂದು ಬೇರೆ ಬೇರೆ ಆಕರಗಳು ಹೇಳುತ್ತವೆ. ಅವನ ಹೆಸರಿನಲ್ಲಿ ಪೂರ್ಣವಾಗಿ ಉಳಿದಿರುವುವು ಏಳು. ಅವುಗಳಲ್ಲಿ ‘ಬಂಧಿತ ಪ್ರೊಮಿಥ್ಯೂಸ್’ ಅವನದೇ ಎಂಬ ವಿಷಯದಲ್ಲಿ ಈಚಿನ ವಿದ್ವಾಂಸರಲ್ಲಿ ಬಲವಾದ ಸಂದೇಹವಿದೆ. ಹದ್ದೊಂದು ಅವನ ಬೋಳುತಲೆಯನ್ನು ಬಂಡೆಯೆಂದು ಬಗೆದು ಆಮೆಯನ್ನು ಕೆಡವಿದ್ದರಿಂದ ಅವನು ಸತ್ತನೆಂಬ ಕಥೆ ವಿನೋದಕ್ಕೆ ಮಾತ್ರ ತಕ್ಕುದು.

ರಂಗಸ್ಥಳವೆಂಬ ಪೌರಸಂಸ್ಥೆ

ಈಸ್ಕಿಲಸನ ಕಲೆಯಲ್ಲಿ ಯಾವುದು ಹೊಸದೆಂಬುದನ್ನು ಅರಿಸ್ಟಾಟಲ್ ಅಡಕವಾಗಿ ಹೇಳಿದ್ದಾನೆ. ಮೇಳದೊಡನೆ ಒಬ್ಬನೇ ನಟ ಮಾತನಾಡುತ್ತಿದ್ದ ಕಾಲದಲ್ಲಿ ಇವನು ಎರಡನೆಯ ನಟನನ್ನು ತಂದನು. ಮೇಳದ ಪಾಲನ್ನು ಕುಗ್ಗಿಸಿ ಸಂಭಾಷಣೆಗೆ ಪ್ರಾಧಾನ್ಯವಿತ್ತನು. ಒಬ್ಬನೇ ನಟನಿದ್ದಾಗ ಕಥನವುಂಟು. ಇಬ್ಬರಾದಾಗ ಇದಿರುತ್ತರವುಂಟು, ವಾದವುಂಟು. ಸಭೆಯಲ್ಲಿಯೂ ನ್ಯಾಯಸ್ಥಾನದಲ್ಲಿಯೂ ಎರಡು ಪಕ್ಷಗಳ ಮಾತು ಕೇಳಿ ತೀರ್ಮಾನಿಸಲು ಕಲಿಯುತ್ತಿದ್ದ ಪೌರರ ಮುಂದೆ ಈ ಮಾರ್ಪಾಟು ನಡೆಯಿತೆಂಬುದನ್ನು ಇತಿಹಾಸದ ವಿದ್ಯಾರ್ಥಿ ಗಮನಿಸಬೇಕು.

ನಾಟಕಗಳು ನಡೆಯುತ್ತಿದ್ದುದು ವಸಂತಕಾಲದ ಡಯೋನಿಸಸ್ ಉತ್ಸವದಲ್ಲಿ, ಅಕ್ರೊಪೊಲಿಸ್ ಗುಡ್ಡದ ದಕ್ಷಿಣದ ಇಳಿಜಾರಿನಲ್ಲಿ. ಮೂವರು ಕವಿಗಳು ಸ್ಪರ್ಧಿಸುತ್ತಿದ್ದರು. ಒಬ್ಬೊಬ್ಬನದೂ ಮೂರು ರುದ್ರನಾಟಕ, ಒಂದು ವಿನೋದನಾಟಕ. ಮೇಳವನ್ನು ಸಿದ್ಧಪಡಿಸುವ ವೆಚ್ಚವನ್ನು ರಾಜ್ಯವು ಒಬ್ಬ ಶ್ರೀಮಂತ ಪೌರನಿಗೆ ವಹಿಸುತ್ತಿತ್ತು. ಗೆದ್ದವರ ಹೆಸರುಗಳನ್ನು ಮುಂದೆ ಶಿಲೆಯ ಮೇಲೆ ಕೆತ್ತಿಸಲಾಯಿತು. ಆ ಶಾಸನದ ಉಳಿದ ಭಾಗದಲ್ಲಿ ಕ್ರಿ. ಪೂ. ೪೭೨ರ ಸಾಲಿಗೆ ಪೆರಿಕ್ಲೀಸನು ವೆಚ್ಚ ವಹಿಸಿದನೆಂದೂ ಈಸ್ಕಿಲಸನು ರುದ್ರನಾಟಕದಲ್ಲಿ ಗೆದ್ದನೆಂದೂ ಕಾಣುತ್ತದೆ. ಮುಂದೆ ಅಥೆನ್ಸಿನ ನಾಯಕನಾಗಲಿದ್ದ ಪೆರಿಕ್ಲೀಸ್ ಆಗ ಇಪ್ಪತ್ತರ ಆಸುಪಾಸಿನ ತರುಣ. ಆ ವರ್ಷದ ನಾಟಕಗಳಲ್ಲೊಂದು ‘ಪಾರಸಿಕರು’.

‘ಪಾರಸಿಕರು’: ಗೆದ್ದವನು ಬರೆದ ಸೋತವನ ಶೋಕ

ಈ ನಾಟಕದ ಹಿನ್ನೆಲೆಯಲ್ಲಿ ಇನ್ನೊಂದು ಘಟನೆ ಇದೆ. ೪೯೪ರಲ್ಲಿ ಪಾರಸಿಕರು ಮೈಲೀಟಸ್ ನಗರವನ್ನು ನೆಲಸಮಮಾಡಿದಾಗ ಫ್ರಿನಿಕಸ್ ಎಂಬ ಕವಿ ಆ ದುರಂತವನ್ನೇ ನಾಟಕವಾಗಿಸಿದನು. ಪ್ರೇಕ್ಷಕರೆಲ್ಲರೂ ಅತ್ತರು. ತಮ್ಮವರ ದುಃಖವನ್ನೇ ತಮಗೆ ನೆನಪಿಸಿದನೆಂದು ಅಥೆನ್ಸಿನವರು ಅವನಿಗೆ ಸಾವಿರ ದ್ರಾಖ್ಮಗಳ ದಂಡ ವಿಧಿಸಿ, ಆ ನಾಟಕವನ್ನು ಮತ್ತೆ ಆಡಕೂಡದೆಂದು ನಿಷೇಧಿಸಿದರು. ಫ್ರಿನಿಕಸ್ ಮುಂದೆ ಸಾಲಮಿಸಿನ ವೃತ್ತಾಂತವನ್ನು ಶತ್ರುವಿನ ಕಡೆಯಿಂದ ತೋರಿಸುವ ನಾಟಕವೊಂದನ್ನು ಬರೆದನು. ಈಸ್ಕಿಲಸ್ ಹಿಡಿದುದು ಅದೇ ದಾರಿಯನ್ನು. ಅವನ ನಾಟಕದ ಸ್ಥಳ ಪಾರಸಿಕರ ರಾಜಧಾನಿ ಸೂಸಾ. ಪಾತ್ರಗಳು ವೃದ್ಧ ಮಂತ್ರಿಗಳ ಮೇಳ, ರಾಜಮಾತೆ, ದೂತ, ಸತ್ತ ದೊರೆ ಡೇರಿಯಸನ ಪ್ರೇತ, ಕಡೆಯಲ್ಲಿ ಹರಕು ಬಟ್ಟೆಯಲ್ಲಿ ಹಿಂದಿರುಗುವ ಕ್ಸರ್ಕ್ಸೀಸ್. ಪ್ರೇಕ್ಷಕರು ಕುಳಿತಿದ್ದುದು ಎಲ್ಲಿ? ಅವರ ತಲೆಯ ಮೇಲೆ ಅಕ್ರೊಪೊಲಿಸಿನಲ್ಲಿ ಅದೇ ಕ್ಸರ್ಕ್ಸೀಸನ ಸೇನೆ ಸುಟ್ಟ ದೇವಾಲಯಗಳ ಪಾಳು ಇನ್ನೂ ಉಳಿದಿತ್ತು.

ಈ ನಾಟಕವನ್ನು ಆಕರವಾಗಿ ಬಳಸುವಾಗ ಮೊದಲು ಅಂಕಿಗಳನ್ನು ನೋಡೋಣ. ದೂತನ ಲೆಕ್ಕದಲ್ಲಿ ಗ್ರೀಕರ ಹಡಗು ಮುನ್ನೂರರಷ್ಟು. ಕ್ಸರ್ಕ್ಸೀಸನವು ಸಾವಿರ, ವೇಗದಲ್ಲಿ ಮಿಗಿಲಾದುವು ೨೦೭. ಈ ೨೦೭ ಸಾವಿರದೊಳಗಿನವೋ ಹೊರಗಿನವೋ ಎಂಬುದು ಮೂಲದ ಮಾತಿನಿಂದ ನಿರ್ಧಾರವಾಗದು. ಹೆರೊಡೊಟಸ್ ಪಾರಸಿಕರ ಹಡಗುಗಳನ್ನು ೧,೨೦೭ ಎಂದು ಎಣಿಸುತ್ತಾನೆ. ಎರಡನ್ನೂ ಕೂಡಿಸಿ ಓದಿದರೆ ಬರುವ ಮೊತ್ತವೂ ಅದೇ. ಇವು ಒಂದನ್ನೊಂದು ಸಮರ್ಥಿಸುವ ಎರಡು ಸ್ವತಂತ್ರ ಸಾಕ್ಷ್ಯಗಳೆಂದು ಭಾವಿಸುವಂತಿಲ್ಲ. ಹೆರೊಡೊಟಸನ ಎಣಿಕೆಯ ಹಿಂದೆ ಕವಿಯ ಮಾತೇ ಇರಬಹುದು. ಇನ್ನು ಹಿಮ್ಮೆಟ್ಟುವ ಸೇನೆ ಸ್ಟ್ರೈಮನ್ ನದಿಯ ಮಂಜುಗಡ್ಡೆಯ ಮೇಲೆ ದಾಟುತ್ತಿದ್ದಾಗ ಸೂರ್ಯನ ಬಿಸಿಲಿಗೆ ಅದು ಒಡೆದು ಜನ ಮುಳುಗಿದರೆಂಬ ವರ್ಣನೆ ಹೆರೊಡೊಟಸನಲ್ಲಿ ಇಲ್ಲ. ಅಕಾಲದ ಹಿಮವೆಂದು ನಾಟಕವೇ ಹೇಳುತ್ತದೆ. ಅದನ್ನು ದೈವಕೋಪದ ಚಿತ್ರವೆಂದು ತಿಳಿಯುವುದು ಲೇಸು.

ಡೇರಿಯಸನ ಪಾತ್ರವೂ ಹೀಗೆಯೇ. ಮಗನ ದುಡುಕನ್ನು ಖಂಡಿಸುವ ಜ್ಞಾನವೃದ್ಧನಾಗಿ ಅವನನ್ನು ಕವಿ ಚಿತ್ರಿಸುತ್ತಾನೆ. ಮ್ಯಾರಥಾನಿಗೆ ಸೇನೆಯನ್ನು ಕಳುಹಿಸಿದವನು ಇದೇ ಡೇರಿಯಸನೆಂಬುದು ಅಲ್ಲಿ ಕಾದಿದ ಕವಿಗಿಂತ ಚೆನ್ನಾಗಿ ಯಾರಿಗೆ ತಿಳಿದಿತ್ತು? ನಾಟಕದಲ್ಲಿ ಒಂದೇ ಸೋಲಿನಿಂದ ಸಾಮ್ರಾಜ್ಯವೇ ಬರಿದಾದಂತೆ ತೋರುತ್ತದೆ. ವಾಸ್ತವವಾಗಿ ಅದು ಅಲೆಗ್ಸಾಂಡರನ ಕಾಲದವರೆಗೆ, ಇನ್ನೂ ನೂರೈವತ್ತು ವರ್ಷ ಬಾಳಿತು. ೧೯೩೦ರ ದಶಕದ ಉತ್ಖನನಗಳಲ್ಲಿ ಪರ್ಸೆಪೊಲಿಸಿನ ಭಂಡಾರದಿಂದ ದೊರೆತ ಜೇಡಿಮಣ್ಣಿನ ಫಲಕಗಳು ಕ್ಸರ್ಕ್ಸೀಸನ ಆಳ್ವಿಕೆಯಲ್ಲಿ ಕೆಲಸಗಾರರಿಗೆ ವೇತನ ಸಲ್ಲುತ್ತಿದ್ದುದನ್ನು ದಾಖಲಿಸಿವೆ. ಕುಸಿದುಬಿದ್ದ ರಾಜ್ಯದ ಲಕ್ಷಣ ಅವುಗಳಲ್ಲಿ ಇಲ್ಲ.

ಆದರೂ ಕವಿಗೆ ಪಾರಸಿಕರ ವಿಷಯದಲ್ಲಿ ಸ್ವಲ್ಪ ತಿಳಿವಳಿಕೆ ಇತ್ತು. ಡೇರಿಯಸನ ಪ್ರೇತ ಹಿಂದಿನ ದೊರೆಗಳನ್ನು ಎಣಿಸುವಾಗ ಸೈರಸ್, ಅವನ ಮಗ, ಬಳಿಕ ಸಿಂಹಾಸನಕ್ಕೆ ಕಳಂಕ ತಂದ ಮಾರ್ದಸ್, ಅರಮನೆಯಲ್ಲಿ ಅವನನ್ನು ಕೊಂದ ಸಂಗಡಿಗರು ಎಂಬ ಕ್ರಮ ಬರುತ್ತದೆ. ೧೯ನೆಯ ಶತಮಾನದಲ್ಲಿ ರಾಲಿನ್ಸನ್ ಓದಿದ ಬೆಹಿಸ್ತೂನ್ ಶಾಸನದಲ್ಲಿ ಡೇರಿಯಸನು ತಾನೇ, ಬರ್ದಿಯ ಎಂಬ ಹೆಸರನ್ನು ಧರಿಸಿ ರಾಜ್ಯವನ್ನು ಕಬಳಿಸಿದವನೊಬ್ಬನನ್ನು ಸಂಗಡಿಗರೊಡನೆ ಕೊಂದುದಾಗಿ ಹೇಳಿಕೊಂಡಿದ್ದಾನೆ. ಮಾರ್ದಸ್ ಎಂಬುದು ಬರ್ದಿಯ ಎಂಬುದರ ಗ್ರೀಕ್ ರೂಪ. ಹೆರೊಡೊಟಸನಿಗಿಂತ ಮೊದಲೇ ಈ ವೃತ್ತಾಂತದ ಎಳೆ ಅಥೆನ್ಸಿಗೆ ಮುಟ್ಟಿತ್ತೆಂಬುದಕ್ಕೆ ಈ ನಾಟಕವೇ ಸಾಕ್ಷಿ.

ಹೀಗೆ ವಿವರಗಳಲ್ಲಿ ನಾಟಕವನ್ನು ಎಚ್ಚರದಿಂದ ಬಳಸಬೇಕಾಗುತ್ತದೆ. ಅದು ನೇರವಾಗಿ ಸಾಕ್ಷಿ ನುಡಿಯುವ ವಿಷಯ ಇನ್ನೊಂದು: ೪೭೨ರ ವಸಂತದಲ್ಲಿ ಅಥೆನ್ಸಿನ ಜನ ಏನನ್ನು ಕೇಳಲು ಸಿದ್ಧರಿದ್ದರು ಎಂಬುದು. ನಾಟಕದಲ್ಲಿ ಪಾರಸಿಕ ನಾಯಕರ ಹೆಸರುಗಳು ಸಾಲುಸಾಲಾಗಿ ಬರುತ್ತವೆ. ಆ ಯುದ್ಧದಲ್ಲಿ ಕಾದಿದ ಗ್ರೀಕನೊಬ್ಬನ ಹೆಸರೂ ಬರುವುದಿಲ್ಲ, ಥೆಮಿಸ್ಟಕ್ಲೀಸನದೂ ಇಲ್ಲ. ರಾಜಮಾತೆಯ ಕನಸಿನಲ್ಲಿ ಕಾಣುವ ಇಬ್ಬರು ಸ್ತ್ರೀಯರಲ್ಲಿ ಒಬ್ಬಳದು ಪಾರಸಿಕ ಉಡುಗೆ, ಇನ್ನೊಬ್ಬಳದು ಗ್ರೀಕ್ ಉಡುಗೆ. ಇಬ್ಬರೂ ಒಂದೇ ಕುಲದ ಅಕ್ಕತಂಗಿಯರೆಂದು ಕವಿ ಹೇಳುತ್ತಾನೆ. ಅಣ್ಣನನ್ನು ಆ ಶತ್ರುವಿನ ಕೊಡಲಿಗೆ ಅಥವಾ ತಮ್ಮನನ್ನು ಅದೇ ಕೊಡಲಿಗೆ ಕಳೆದುಕೊಂಡವನು ಬರೆದ ಮಾತು ಇದು. ಅದಕ್ಕೆ ಪ್ರಥಮ ಬಹುಮಾನ ಕೊಟ್ಟವರು ಮನೆ ಸುಡಿಸಿಕೊಂಡ ಜನ.

ಇದನ್ನು ಶುದ್ಧ ಅನುಕಂಪವೆಂದು ಹೊಗಳಿ ನಿಲ್ಲಿಸಲೂ ಆಗದು. ಎಡ್ವರ್ಡ್ ಸೈದ್ ೧೯೭೮ರಲ್ಲಿಯೂ ಎಡಿತ್ ಹಾಲ್ ೧೯೮೯ರಲ್ಲಿಯೂ ಪ್ರಕಟಿಸಿದ ಗ್ರಂಥಗಳು, ಪೂರ್ವದೇಶದವನೆಂದರೆ ಭೋಗಿ, ಅಳುಬುರುಕ, ದಾಸ್ಯಕ್ಕೆ ಒಗ್ಗಿದವನು ಎಂಬ ಚಿತ್ರ ಈ ನಾಟಕದಲ್ಲಿಯೇ ರೂಪುಗೊಂಡುದನ್ನು ಎತ್ತಿ ತೋರಿಸಿವೆ. ಅಥೆನ್ಸಿನವರಿಗೆ ಒಡೆಯನಾರು ಎಂದು ರಾಜಮಾತೆ ಕೇಳಿದಾಗ, ಅವರು ಯಾರಿಗೂ ಆಳುಗಳಲ್ಲವೆಂಬ ಉತ್ತರ ಬರುತ್ತದೆ. ಅದಕ್ಕೆ ಕೊಂಚ ಮೊದಲು ಅವರ ಸಂಪತ್ತಾಗಿ ನೆಲದೊಳಗಿನ ಬೆಳ್ಳಿಯ ಬುಗ್ಗೆಯ ಪ್ರಸ್ತಾಪ ಬಂದಿರುತ್ತದೆ. ಆ ಬೆಳ್ಳಿ ಲಾರಿಯಂ ಗಣಿಗಳದು. ಸಾಲಮಿಸಿನಲ್ಲಿ ಗೆದ್ದ ನೌಕಾಪಡೆ ನಿರ್ಮಾಣವಾದುದು ಅದರಿಂದ. ಆ ಗಣಿಗಳಲ್ಲಿ ದುಡಿದವರು ಗುಲಾಮರು. ಯಾರಿಗೂ ಆಳಲ್ಲವೆಂದು ಹೆಮ್ಮೆಪಟ್ಟ ನಗರದ ಸ್ವಾತಂತ್ರ್ಯ ಆಳುಗಳ ಬೆವರಿನ ಮೇಲೆ ನಿಂತಿತ್ತು. ಕವಿ ಇದನ್ನು ಹೇಳುವುದಿಲ್ಲ. ಎರಡು ಮಾತುಗಳನ್ನು ಪಕ್ಕದಲ್ಲಿಟ್ಟು ಓದಬೇಕಾದವರು ನಾವು.

ಒಂದು ಪಪೈರಸ್ ಚೂರು

ನಾಟಕವು ಆಯಾ ವರ್ಷದ ಸಾಕ್ಷಿಯೆಂದ ಮೇಲೆ ವರ್ಷ ಯಾವುದೆಂಬುದು ಮುಖ್ಯವಾಗುತ್ತದೆ. ಈ ವಿಷಯದಲ್ಲಿ ‘ಶರಣಾರ್ಥಿನಿಯರು’ ಎಂಬ ನಾಟಕದ ಇತಿಹಾಸ ಬೋಧಪ್ರದವಾದುದು. ಅದರಲ್ಲಿ ಈಜಿಪ್ಟಿನಿಂದ ಓಡಿಬಂದ ಡಾನಾಯಸನ ಪುತ್ರಿಯರು ಆರ್ಗಸ್ ನಗರದ ಆಶ್ರಯ ಬೇಡುತ್ತಾರೆ. ಮೇಳವೇ ಅಲ್ಲಿ ಪ್ರಧಾನ ಪಾತ್ರ. ರುದ್ರನಾಟಕ ಮೇಳದಿಂದ ಬೆಳೆದು ಬಂದುದಾದ ಕಾರಣ ಇದೇ ಅತ್ಯಂತ ಹಳೆಯದಾಗಿರಬೇಕೆಂದು ವಿದ್ವಾಂಸರಲ್ಲಿ ಬಹುಮಂದಿ ತರ್ಕಿಸಿ, ಕ್ರಿ. ಪೂ. ೪೯೦ರ ಸುಮಾರಿಗೋ ಅದಕ್ಕೂ ಹಿಂದಕ್ಕೋ ಅದನ್ನು ಒಯ್ದಿದ್ದರು. ತರ್ಕ ಸೊಗಸಾಗಿತ್ತು, ಪಠ್ಯಗ್ರಂಥಗಳಲ್ಲಿ ನೆಲೆಯೂರಿತ್ತು.

ಈಜಿಪ್ಟಿನ ಆಕ್ಸಿರಿಂಕಸಿನ ಪ್ರಾಚೀನ ಕಸದ ದಿಬ್ಬಗಳಿಂದ ದೊರೆತ ಪಪೈರಸಿನ ಒಂದು ಚೂರು ೧೯೫೨ರಲ್ಲಿ ಪ್ರಕಟವಾಯಿತು. ಡಾನಾಯಸನ ಪುತ್ರಿಯರ ಕಥಾಮಾಲೆಯಿಂದ ಈಸ್ಕಿಲಸ್ ಗೆದ್ದನೆಂದೂ, ಎರಡನೆಯ ಸ್ಥಾನ ಸಾಫೊಕ್ಲೀಸನದೆಂದೂ ಅದರಲ್ಲಿ ಬರೆದಿದೆ. ಸಾಫೊಕ್ಲೀಸನು ತನ್ನ ಮೊದಲ ಸ್ಪರ್ಧೆಯಲ್ಲಿ ಈಸ್ಕಿಲಸನನ್ನೇ ಸೋಲಿಸಿದುದು ೪೬೮ರಲ್ಲಿ ಎಂದು ಪ್ಲೂಟಾರ್ಕನಿಂದ ತಿಳಿಯುತ್ತದೆ. ಆದುದರಿಂದ ‘ಶರಣಾರ್ಥಿನಿಯರು’ ೪೬೦ರ ದಶಕಕ್ಕೆ ಇಳಿಯಬೇಕಾಯಿತು. ೪೬೩ ಎಂಬುದು ಈಗ ಹೆಚ್ಚಾಗಿ ಒಪ್ಪಿತವಾದ ವರ್ಷ. ಕೆಲವು ಅಕ್ಷರಗಳ ಆ ಚೂರು ಹಲವು ಗ್ರಂಥಗಳ ವಾದವನ್ನು ಉರುಳಿಸಿತು.

ಇದರಿಂದ ಇತಿಹಾಸಕ್ಕಾದ ಲಾಭವೇನು? ಆ ನಾಟಕದಲ್ಲಿ ದೊರೆಯು ಜನರನ್ನು ಕೇಳದೆ ಆಶ್ರಯ ನೀಡಲಾರೆನೆನ್ನುತ್ತಾನೆ, ಸಭೆ ಸೇರುತ್ತದೆ, ಜನ ಕೈಯೆತ್ತಿ ನಿರ್ಣಯಿಸುತ್ತಾರೆ. ಗ್ರೀಕ್ ಭಾಷೆಯಲ್ಲಿ ಪ್ರಜಾಪ್ರಭುತ್ವವೆಂಬ ಪದವನ್ನು ಕಟ್ಟಿರುವ ಎರಡು ಧಾತುಗಳು, ಜನ ಮತ್ತು ಪ್ರಭುತ್ವ, ಈ ನಿರ್ಣಯವನ್ನು ಕುರಿತ ಒಂದೇ ಪಂಕ್ತಿಯಲ್ಲಿ ಜೊತೆಯಾಗಿ ಬರುತ್ತವೆ. ನಾಟಕ ೪೯೦ರದಾದರೆ ಇದು ಅಕಾಲದ ಪುಷ್ಪ. ೪೬೩ರದಾದರೆ, ಎಫಿಯಾಲ್ಟೀಸನ ಸುಧಾರಣೆಯ ಹೊಸ್ತಿಲಲ್ಲಿ ನಗರವೆಲ್ಲ ಚರ್ಚಿಸುತ್ತಿದ್ದ ಮಾತು ರಂಗದ ಮೇಲೆ ಕೇಳಿಬಂದಂತಾಯಿತು. ಹಳೆಯ ತೇದಿಯನ್ನು ಹೇಳುವ ಪುಸ್ತಕಗಳು ನಮ್ಮ ಗ್ರಂಥಾಲಯಗಳ ಕಪಾಟಿನಲ್ಲಿ ಇದ್ದರೆ, ವಿದ್ಯಾರ್ಥಿಗಳಿಗೆ ಈ ತಿದ್ದುಪಡಿಯನ್ನು ತಿಳಿಸುವುದು ಅಧ್ಯಾಪಕರ ಹೊಣೆ.

‘ಒರೆಸ್ಟಿಯ’ ಮತ್ತು ೪೫೮ನೆಯ ವರ್ಷ

ಈಸ್ಕಿಲಸನ ಶ್ರೇಷ್ಠ ಕೃತಿಯೆನಿಸಿದ ‘ಒರೆಸ್ಟಿಯ’ ೪೫೮ರಲ್ಲಿ ಪ್ರಯೋಗಗೊಂಡು ಪ್ರಥಮ ಬಹುಮಾನ ಪಡೆಯಿತು. ಪೂರ್ಣವಾಗಿ ಉಳಿದುಬಂದಿರುವ ಗ್ರೀಕ್ ನಾಟಕತ್ರಯ ಇದೊಂದೇ. ಟ್ರಾಯಿಯಿಂದ ಹಿಂದಿರುಗಿದ ಆಗಮೆಮ್ನಾನನನ್ನು ಹೆಂಡತಿ ಕೊಲ್ಲುತ್ತಾಳೆ. ಮಗ ಒರೆಸ್ಟಿಸ್ ತಾಯಿಯನ್ನು ಕೊಲ್ಲುತ್ತಾನೆ. ರಕ್ತಕ್ಕೆ ರಕ್ತ ಬೇಡುವ ಉಗ್ರದೇವತೆಗಳು ಅವನನ್ನು ಅಟ್ಟಿಕೊಂಡು ಬರುತ್ತಾರೆ. ಕಡೆಗೆ ಅಥೆನ್ಸಿನ ಅರಿಯೊಪಾಗಸ್ ಗುಡ್ಡದ ಮೇಲೆ ಅಥೀನಾ ದೇವಿಯೇ ನ್ಯಾಯಸಭೆಯನ್ನು ಸ್ಥಾಪಿಸುತ್ತಾಳೆ. ಮತಗಳು ಸಮವಾಗಿ, ಅವನು ಬಿಡುಗಡೆ ಹೊಂದುತ್ತಾನೆ. ದೇವತೆಗಳನ್ನು ಅಥೀನಾ ಸಮಾಧಾನಪಡಿಸಿ ನಗರದಲ್ಲಿಯೇ ನೆಲೆಗೊಳಿಸುತ್ತಾಳೆ.

ಅರಿಯೊಪಾಗಸ್ ಸಭೆಯು ಆಗಿನ ರಾಜಕೀಯದ ಉರಿಯುವ ವಿಷಯ. ೪೬೨-೪೬೧ರಲ್ಲಿ ಎಫಿಯಾಲ್ಟೀಸನು ಆ ಕುಲೀನರ ಸಭೆಯ ಅಧಿಕಾರಗಳಲ್ಲಿ ಹೆಚ್ಚಿನವನ್ನು ಕಿತ್ತು ಜನರ ಸಂಸ್ಥೆಗಳಿಗೆ ಹಂಚಿದನು. ಕೊಲೆಯ ವಿಚಾರಣೆ ಮಾತ್ರ ಅದಕ್ಕೆ ಮುಖ್ಯವಾಗಿ ಉಳಿಯಿತು. ಬಹುಬೇಗ ಅವನ ಕೊಲೆಯಾಯಿತು. ಅದೇ ಕಾಲಕ್ಕೆ ಅಥೆನ್ಸ್ ಸ್ಪಾರ್ಟದ ಮೈತ್ರಿಯನ್ನು ಮುರಿದು ಆರ್ಗಸಿನೊಡನೆ ಒಪ್ಪಂದ ಮಾಡಿಕೊಂಡಿತು. ನಾಟಕದಲ್ಲಿಯೂ ಒರೆಸ್ಟಿಸ್ ಆರ್ಗಸಿನ ಮೈತ್ರಿಯನ್ನು ವಚನವಾಗಿ ಕೊಡುತ್ತಾನೆ. ಕವಿ ಸುಧಾರಕರ ಪಕ್ಷವೋ ವಿರೋಧಿಗಳ ಪಕ್ಷವೋ ಎಂಬ ವಾದ ಇನ್ನೂ ಮುಗಿದಿಲ್ಲ. ಎರಡು ಪಕ್ಷದವರೂ ನಾಟಕದ ಪಂಕ್ತಿಗಳನ್ನೇ ಉದಾಹರಿಸುತ್ತಾರೆ. ನಮಗೆ ತೋರುವಂತೆ, ಎರಡು ಪಕ್ಷಗಳೂ ಕೂಡಿ ಕುಳಿತು ನೋಡಬಲ್ಲ ನಾಟಕವನ್ನು ಕವಿ ಉದ್ದೇಶಪೂರ್ವಕವಾಗಿ ರಚಿಸಿದನು. ಅಂತಃಕಲಹ ಬೇಡವೆಂಬ ಪ್ರಾರ್ಥನೆ ಅದರ ಕೊನೆಯಲ್ಲಿದೆ. ರಾಜಕೀಯ ಕೊಲೆಯನ್ನು ಮೂರೇ ವರ್ಷಗಳ ಹಿಂದೆ ಕಂಡಿದ್ದ ನಗರಕ್ಕೆ ಅದು ಬರಿಯ ಆಶೀರ್ವಾದವಾಗಿರಲಿಲ್ಲ.

ಮೊದಲ ನಾಟಕದಲ್ಲಿ ಇನ್ನೊಂದು ಮಾತುಂಟು. ಯುದ್ಧದೇವತೆಯನ್ನು ಮೇಳವು ಹೆಣಗಳ ವ್ಯಾಪಾರಿಯಾಗಿ ಕಾಣುತ್ತದೆ: ಮನೆಯಿಂದ ಹೋದದ್ದು ಮನುಷ್ಯ, ಹಿಂದಕ್ಕೆ ಬರುವುದು ಬೂದಿಯ ಕುಡಿಕೆ. ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿ ಸುಮಾರು ೪೬೦ರ ಒಂದು ಶಿಲಾಲೇಖವಿದೆ. ಅಥೆನ್ಸಿನ ಹತ್ತು ಗಣಗಳಲ್ಲಿ ಒಂದಾದ ಎರೆಕ್ಥೇಯಿಸ್ ಗಣದವರಲ್ಲಿ ಒಂದೇ ವರ್ಷದೊಳಗೆ ಸೈಪ್ರಸ್, ಈಜಿಪ್ಟ್, ಫಿನಿಷಿಯ, ಹಾಲಿಯೈ, ಈಜೈನ, ಮೆಗಾರಗಳಲ್ಲಿ ಮಡಿದವರ ಪಟ್ಟಿ ಅದು. ಹೆಸರುಗಳು ೧೭೦ಕ್ಕೂ ಹೆಚ್ಚು. ಮ್ಯಾರಥಾನಿನಲ್ಲಿ ಇಡೀ ನಗರ ಕಳೆದುಕೊಂಡವರು ೧೯೨ ಮಂದಿಯೆಂದು ಹೆರೊಡೊಟಸ್ ಹೇಳುತ್ತಾನೆ. ಸ್ವದೇಶರಕ್ಷಣೆಗಾಗಿ ಕಾದಿದ ನಗರ ಮೂವತ್ತು ವರ್ಷಗಳಲ್ಲಿ ಆರು ಕಡೆ ಪರದೇಶದಲ್ಲಿ ಕಾದುವ ನಗರವಾಗಿತ್ತು. ಆ ಪಟ್ಟಿಯಲ್ಲಿರುವವರ ತಂದೆಯರೂ ಸಹೋದರರೂ ೪೫೮ರಲ್ಲಿ ಈ ಹಾಡನ್ನು ಕೇಳಿದರು. ಶಾಸನ ಹೆಸರನ್ನು ಕೊಡುತ್ತದೆ. ಆ ಹೆಸರು ಮನೆಗೆ ಬಂದಾಗ ಆದುದೇನೆಂಬುದನ್ನು ನಾಟಕ ಕೊಡುತ್ತದೆ.

ಕೃತಿಗಳ ಉಳಿವು

ಈಸ್ಕಿಲಸ್ ಸತ್ತ ಮೇಲೆ ಅವನ ನಾಟಕಗಳನ್ನು ಮತ್ತೆ ಆಡಿಸಲು ಅಥೆನ್ಸ್ ವಿಶೇಷ ಅನುಮತಿಯಿತ್ತಿತೆಂದು ಅವನ ಪ್ರಾಚೀನ ಚರಿತ್ರೆ ತಿಳಿಸುತ್ತದೆ. ೪೦೫ರಲ್ಲಿ ಸೋಲಿನ ಅಂಚಿನಲ್ಲಿದ್ದ ನಗರಕ್ಕೆ ಅರಿಸ್ಟೊಫನೀಸನು ತನ್ನ ‘ಕಪ್ಪೆಗಳು’ ಪ್ರಹಸನದಲ್ಲಿ ಪಾತಾಳದಿಂದ ಮರಳಿ ತರಿಸಿದುದು ಇವನನ್ನೇ. ಮಧ್ಯಯುಗದಲ್ಲಿ ಈ ಏಳು ನಾಟಕಗಳ ಬಾಳು ಕೆಲವೇ ಹಸ್ತಪ್ರತಿಗಳ ಮೇಲೆ ನಿಂತಿತ್ತು. ಅವುಗಳಲ್ಲಿ ಮುಖ್ಯವಾದುದು ೧೦ನೆಯ ಶತಮಾನದ್ದು. ಔರಿಸ್ಪನೆಂಬ ಇಟಲಿಯ ವಿದ್ವಾಂಸ ಕಾನ್‌ಸ್ಟಾಂಟಿನೋಪಲಿನಿಂದ ತಂದ ಅದು ಈಗ ಫ್ಲಾರೆನ್ಸಿನಲ್ಲಿದೆ. ಅದರಲ್ಲಿ ಹಲವು ಹಾಳೆಗಳು ಕಳೆದುಹೋಗಿದ್ದ ಕಾರಣ, ೧೫೧೮ರ ಪ್ರಥಮ ಮುದ್ರಣದಲ್ಲಿ ‘ಆಗಮೆಮ್ನಾನ್’ ನಾಟಕವೂ ಅದರ ಮುಂದಿನದೂ ಒಂದೇ ಕೃತಿಯಂತೆ ಅಚ್ಚಾದುವು. ೧೫೫೭ರ ಮುದ್ರಣದಲ್ಲಿ ಪೂರ್ಣಪಾಠ ಬೆಳಕು ಕಂಡಿತು.

ಉಪಸಂಹಾರ

ಕನ್ನಡದ ಓದುಗರಿಗೆ ಈಸ್ಕಿಲಸ್ ಅಪರಿಚಿತನಲ್ಲ. ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು ೧೯೨೬ರಲ್ಲಿ ರನ್ನನ ಕಾವ್ಯವನ್ನು ‘ಗದಾಯುದ್ಧ ನಾಟಕಂ’ ಆಗಿಸಿ, ೧೯೨೯ರಲ್ಲಿ ಸಾಫೊಕ್ಲೀಸನ ‘ಅಜಾಕ್ಸ್’ ನಾಟಕದ ಜಾಡಿನಲ್ಲಿ ‘ಅಶ್ವತ್ಥಾಮನ್’ ರಚಿಸಿ, ೧೯೩೫ರಲ್ಲಿ ‘ಪಾರಸಿಕರು’ ನಾಟಕವನ್ನು ಕನ್ನಡಕ್ಕೆ ತಂದರು. ಸೋತ ದುರ್ಯೋಧನನಿಗೆ ಘನತೆ ಕೊಟ್ಟ ಕವಿಯನ್ನು ಓದಿದ ಕನ್ನಡಿಗರಿಗೆ ಸೋತ ಕ್ಸರ್ಕ್ಸೀಸನ ರೋದನ ತೀರ ಹೊರಗಿನದಾಗಿ ಕೇಳಿಸದು. ಇತಿಹಾಸದ ವಿದ್ಯಾರ್ಥಿಗಳು ಆ ಅನುವಾದವನ್ನು ಹೆರೊಡೊಟಸನ ಪಕ್ಕದಲ್ಲಿಟ್ಟು ಓದಬೇಕೆಂಬುದು ನಮ್ಮ ಸೂಚನೆ.

ಹಾಗೆ ಓದುವಾಗ ಹಡಗಿನ ಲೆಕ್ಕಕ್ಕೂ ಹಿಮದ ನದಿಗೂ ಕವಿಯ ಮೇಲೆ ಭಾರ ಹಾಕದಿರೋಣ. ಅಲ್ಲಿ ಶಾಸನ, ಫಲಕ, ಪಪೈರಸುಗಳು ಅವನನ್ನು ತಿದ್ದಲಿ. ಗೆದ್ದ ಜನ ತಮ್ಮ ಗೆಲವನ್ನು ಹೇಗೆ ನೆನೆದರು, ಯಾವುದನ್ನು ಹೇಳದೆ ಬಿಟ್ಟರು, ಶತ್ರುವಿನ ತಾಯಿಯ ಅಳಲನ್ನು ಎಷ್ಟರಮಟ್ಟಿಗೆ ತಾಳಿಕೊಂಡರು ಎಂಬ ಪ್ರಶ್ನೆಗಳಿಗೆ ಮಾತ್ರ ಅವನಷ್ಟು ಸಮೀಪದ ಸಾಕ್ಷಿ ನಮಗಿಲ್ಲ. ಗೇಲಾದ ಸಮಾಧಿಲೇಖ ಯೋಧನನ್ನು ನೆನೆದು ಕವಿಯನ್ನು ಮರೆಯಿತು. ನಾವು ಕವಿಯನ್ನು ನೆನೆದು ಯೋಧನನ್ನು ಮರೆತಿದ್ದೇವೆ. ಇಬ್ಬರೂ ಒಬ್ಬನೇ ಎಂಬುದನ್ನು ಒಪ್ಪಿಕೊಂಡಲ್ಲಿಂದ ಅವನ ಅಧ್ಯಯನ ಮೊದಲಾಗಬೇಕು.